ಸೊಂಟದ ಅಳತೆಯ ಸಂದು

ಮೂಗಿನ ಉಂಗುರ ಮಿಂಚಿತು, ಗಾಲ್ವೇ ಸೀಮೆಯ ಅಪರೂಪದ ಬಿಸಿಲಿಗೆ, ಅಯ್ಯೋ, ಈ ಹೋರಿ ಇಷ್ಟು ಹತ್ತಿರ ಬಂದದ್ದು ಯಾವಾಗ, ಗಬ್ಬದ ಹಸು ಹುಡುಕುತ್ತಾ ನೋರೀನ್ ಹುಲ್ಲುಗಾವಲಿನ ನಡುವಿಗೇ ಬಂದುಬಿಟ್ಟಿದ್ದಳು, ಕೈಯಲ್ಲಿ ಕೋಲಿಲ್ಲ, ನಾಯಿಯೂ ಇಲ್ಲ, ಗೇಟು ಅವನ ಆಚೆಗೆ — ಅಡ್ಡಡ್ಡ ನಿಂತು ಮೈ ತೋರಿಸುತ್ತಿದ್ದಾನೆ ಬಾರ್ನಿ, ತಲೆ ತಗ್ಗಿಸಿ ನೆಲ ಕೆರೆಯುತ್ತಿದ್ದಾನೆ, ಇದು ಆಟವಲ್ಲ, ಬೆನ್ನು ಕೊಡಬೇಡ ಕಣೇ, ಓಡಬೇಡ, ಅವನನ್ನೇ ನೋಡ್ತಾ ಹಿಂದೆ ಹಿಂದೆ ಹೋಗು, ಎಷ್ಟು ಸಲ ಬಡಕೊಂಡಿದ್ದ ಗಂಡ ಫಿಂಟನ್, ಬದುಕಿದ್ದಾಗ ಕಿವಿಗೇ ಹಾಕಿಕೊಳ್ಳಲಿಲ್ಲ, ಈಗ ಒಂದೊಂದು ಅಕ್ಷರವೂ ಕೇಳುತ್ತಿದೆ — ಹಿಂದಕ್ಕೊಂದು ಹೆಜ್ಜೆ, ಮೆಲ್ಲಗೆ — ಇವನೇ ಅಲ್ಲವೇ ತಾಯಿ ಸತ್ತ ಕರು, ಒಲೆಯ ಪಕ್ಕ ಹಳೇ ಕೋಟು ಹೊದ್ದು ಮಲಗಿದವನು, ಅವಳ ಬೆರಳು ಚೀಪುತ್ತಲೇ ಸೀಸೆಯ ಹಾಲು ಕಲಿತವನು, ಆ ಒರಟು ನಾಲಿಗೆ, ಬ್ರೆಡ್ಡು ಬೇಯುವ ಘಮ, ಎಂಥ ದಿನಗಳವು, ಹೋರಿಗರೂನ ಒಂಟಿಯಾಗಿ ಮುದ್ದು ಮಾಡಬೇಡ ಮಾರಾಯ್ತಿ, ಬೇರೆ ಕರುಗಳ ಜೊತೆ ಬಿಡು, ನಾಳೆ ನಿನ್ನನ್ನೂ ಇನ್ನೊಂದು ಹೋರಿ ಅಂತ ತಿಳಕೊಂಡು ಹಾಯ್ತಾನೆ, ಹೋಗೋ, ನಿಂಗೆ ಹೊಟ್ಟೆಕಿಚ್ಚು, ಹೌದು ಕಣೇ, ನಂಗೆ ಯಾವತ್ತು ಸೀಸೆ ಹಿಡಿದಿದ್ದೀಯಾ — ನಕ್ಕಿದ್ದೇ ನಕ್ಕಿದ್ದು, ಆದರೂ ಅವನ ಆ ಕೊನೆಯ ವಸಂತದಲ್ಲಿ, ಕೆಮ್ಮು ಎದೆ ಹಿಂಡುತ್ತಿದ್ದರೂ, ಹುಲ್ಲುಗಾವಲಿನ ಕಲ್ಲುಗೋಡೆ ಬಿಚ್ಚಿ ಸಂದು ಮಾಡಿಯೇ ತೀರುತ್ತೇನೆಂಬ ಹಟ, ನೀನು ನುಸುಳಬೇಕು, ಅವನು ನುಸುಳಬಾರದು, ಒಲೆಯ ಮುಂದೆ ನಿಂತವಳ ಸೊಂಟಕ್ಕೆ ಎರಡೂ ಅಂಗೈ ಇಟ್ಟು ಅಳತೆ ತೆಗೆದು, ಹಾಗೇ ಗಾಳಿಯಲ್ಲಿ ಹಿಡಿದುಕೊಂಡೇ ಅಂಗಳ ದಾಟಿ ಹೊರಟ, ಪಕ್ಕದ ಮನೆಯ ಮಾರ್ಟಿ ಎದುರಾಗಿ, ಏನೋ ಅದು, ಅಷ್ಟು ದೊಡ್ಡ ಮೀನು ಎಲ್ಲಿ ಸಿಕ್ತು, ಸುಮ್ನಿರೋ, ಹೆಂಡ್ತಿ ಸೊಂಟ, ಕೈ ಅಲುಗಿದ್ರೆ ಅಳತೆ ತಪ್ಪುತ್ತೆ — ನಾಚಿಕೆಯಿಂದ ಸತ್ತಿದ್ದಳು ನೋರೀನ್, ನಾನು ದಪ್ಪ ಆದ್ರೆ, ಆಗು, ಮತ್ತೆ ಅಳೆದು ಕಟ್ತೀನಿ ಬಿಡು.

ಆಗಿದ್ದಾಳೆ, ಒಬ್ಬಳೇ ಕೂತು ಬ್ರೆಡ್ಡಿಗೆ ಬೆಣ್ಣೆ ಸವರಿ ಸವರಿ, ಅಳೆಯುವವನಿಲ್ಲ — ಗೋಡೆ ಎಲ್ಲಿ, ಹಿಂದಕ್ಕೆ ಚಾಚಿದ ಕೈಗೆ ಕಲ್ಲು, ಇನ್ನೂ ಕಲ್ಲು, ಬಾರ್ನಿ ನುಗ್ಗಿದ, ನೆಲ ಅದುರಿತು, ದೇವರೇ, ಇಲ್ಲಿ, ಖಾಲಿ, ಉಸಿರು ಬಿಗಿಹಿಡಿದು ಹಿಂದುಹಿಂದಕ್ಕೇ ತೂರಿದಳು, ಸೊಂಟ ಎರಡೂ ಕಡೆ ಸಿಕ್ಕಿಕೊಂಡಿತು, ಸಿಕ್ಕಿ, ತರಚಿ, ಬಿಟ್ಟಿತು — ಧಡ್ಡೆಂದು ಬಾರ್ನಿಯ ಹಣೆ ಕಲ್ಲಿಗೆ ಬಡಿಯಿತು, ಫಿಂಟನ್ ನೆಟ್ಟ ಕಲ್ಲು ಜಗ್ಗಲಿಲ್ಲ, ಸಂದಿನಲ್ಲಿ ಉಂಗುರದ ಮೂತಿ ಮಾತ್ರ, ಬಿಸಿ ಉಸಿರು, ನಾಲಿಗೆ ಚಾಚಿ ಅವಳ ಬೆರಳು ಹುಡುಕುತ್ತಿದ್ದಾನೆ, ಕೊಡಬೇಕೆನಿಸಿತು, ಕೊಡಲಿಲ್ಲ, ನಾಳೆಯೇ ಇವನನ್ನು ಸಾಗಿಸಲು ಲಾರಿ ಕರೆಸುತ್ತೇನೆ ಫಿಂಟನ್, ನಿನ್ನಾಣೆ, ಹುಲ್ಲಿನ ಮೇಲೆ ಕುಸಿದು ಅಳುತ್ತಿದ್ದಾಳೆ, ತರಚಿದ ಸೊಂಟ ಉರಿಯುತ್ತಿದೆ, ಈ ಕಡೆ ಒಂದು ಕಲ್ಲು, ಆ ಕಡೆ ಒಂದು ಕಲ್ಲು, ಅಂಗಳ ದಾಟುತ್ತಿರುವ ಎರಡು ಕೈ, ಅಲುಗದಂತೆ, ಎರಡು ಕೈ —