ನಾಡಿ ಎಷ್ಟು, ಹೇಳಿ ಸರ್

ನಮ್ಮ ಅಡುಗೆಮನೆಯ ನೆಲದ ಮೇಲೆ ನಾನು ಸತ್ತಷ್ಟು ಸಲ ಈ ಪ್ರಪಂಚದಲ್ಲಿ ಯಾರೂ ಸತ್ತಿರಲಾರರು. ಲಾರಿ ಹರಿದು ಸತ್ತಿದ್ದೇನೆ, ಕರೆಂಟು ಹೊಡೆದು ಸತ್ತಿದ್ದೇನೆ, ಒಮ್ಮೆ ಮಹಡಿಯಿಂದ ಬಿದ್ದು ಸತ್ತ ಮೇಲೂ ಎದ್ದು ಕೂತು ಕಾಫಿ ಕೇಳಿದ್ದೇನೆ. ಎಲ್ಲ ನನ್ನ ಮೊಮ್ಮಗಳ ಓದಿಗಾಗಿ. ಅವಳು ಕಾಲೇಜಿನಲ್ಲಿ ಆಂಬುಲೆನ್ಸ್ ಕೆಲಸ ಕಲಿಯುತ್ತಿದ್ದಾಳೆ. ಡಾಕ್ಟರ ಕೈಗೆ ಒಪ್ಪಿಸುವ ತನಕ ದಾರಿಯಲ್ಲಿ ಜೀವ ಹಿಡಿದು ನಿಲ್ಲಿಸುವ ಕೆಲಸ. ನಾನು ಅವಳನ್ನು ಕರೆಯುವುದು ಕಡ್ಡಿ ಅಂತ. ಫ್ಯಾನು ಜೋರಾಗಿ ತಿರುಗಿದರೆ ಹಾರಿಹೋಗುವ ಮೈ. ಇಂಥವಳು ಸ್ಟ್ರೆಚರ್ ಎತ್ತುತ್ತಾಳೆ ಅಂದಾಗ ನಾನು ನಕ್ಕ ನಗುವಿಗೆ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದ್ದರು.

ಅಭ್ಯಾಸ ಹೀಗೆ. ನಾನು ಚಾಪೆಯ ಮೇಲೆ ಬಿದ್ದಿರಬೇಕು. ಅವಳು ಕೈಗವಸು ಹಾಕಿಕೊಂಡು ಬಾಗಿಲಿಂದ ಓಡಿ ಬರಬೇಕು. ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಕೊಡುವುದಿಲ್ಲವಂತೆ. ಕಾಲೇಜಿನಲ್ಲಿ ಮಲಗುವುದು ರಬ್ಬರಿನ ಗೊಂಬೆ. ಗೊಂಬೆಗೆ ನಾಡಿ ಎಲ್ಲಿಂದ ಬರಬೇಕು? ಅದಕ್ಕೇ ಅವಳು ನಾಡಿ ನೋಡುತ್ತಿದ್ದೇನೆ ಅಂದ ಕೂಡಲೇ ಪಕ್ಕದಲ್ಲಿ ನಿಂತ ಮೇಡಂ, ನಾಡಿ ಇಷ್ಟು, ಉಸಿರು ಇಷ್ಟು ಅಂತ ಹೇಳಿಬಿಡುತ್ತಾರೆ. ಅವಳು ಮುಂದಿನದು ಮಾಡುತ್ತಾಳೆ. ನಮ್ಮ ಮನೆಯಲ್ಲಿ ಗೊಂಬೆಯೂ ನಾನೇ, ಮೇಡಮ್ಮೂ ನಾನೇ.

"ಉಸಿರಾಟ ನೋಡ್ತಿದೀನಿ," ಅನ್ನುತ್ತಿದ್ದಳು ಕಡ್ಡಿ.

"ಉಸಿರೆಲ್ಲಿದೆ ಕಣೇ? ಹೋಗಿ ಎರಡು ದಿನ ಆಯ್ತು."

"ಅಜ್ಜಿ, ಸರಿಯಾಗ್ ಹೇಳು. ನಾಡಿ ನೋಡ್ತಿದೀನಿ."

"ನಾಡಿ ಸಾವಿರ! ರೈಲು ಓಡ್ದಂಗ್ ಓಡ್ತಿದೆ!"

"ಸಾವಿರ ಇದ್ರೆ ನೀನು ಮನುಷ್ಯಳಲ್ಲ, ಮಿಕ್ಸಿ," ಅಂತ ನಗುತ್ತಿದ್ದಳು. ಬೆರಳನ್ನು ಮಣಿಕಟ್ಟಿನ ಮೇಲೆ ಇಟ್ಟ ಶಾಸ್ತ್ರ ಮಾಡಿ, ನನ್ನ ಬಾಯಿ ನೋಡುತ್ತಿದ್ದಳು. ಬೆರಳಿಗೆ ಏನು ಸಿಕ್ಕಿತು ಅಂತ ಇಬ್ಬರಿಗೂ ಬೇಕಿರಲಿಲ್ಲ.

ಈ ತಿಂಗಳು ಕಾಲೇಜಿನವರು ಅವಳನ್ನು ನಿಜವಾದ ಆಂಬುಲೆನ್ಸಿಗೆ ಹತ್ತಿಸಿದರು. ಅಲ್ಲಿ ಕಲಿಸುವವನಿಗೆ ಇಷ್ಟು ದೊಡ್ಡ ಮೀಸೆ. ಒಂದೊಂದು ತುದಿಗೆ ಒಂದೊಂದು ಒದ್ದೆ ಟವೆಲ್ ಒಣಹಾಕಬಹುದು. ನಾವು ಮನೆಯಲ್ಲಿ ಅವನನ್ನು ಮೀಸೆ ಅಂತಲೇ ಕರೆಯುವುದು. ದಿನಾ ಸಂಜೆ ಮೀಸೆ ಬೈದದ್ದನ್ನು ಕಡ್ಡಿ ಅಭಿನಯಿಸಿ ತೋರಿಸುತ್ತಿದ್ದಳು.

ನಿನ್ನೆ ಮಧ್ಯಾಹ್ನವೇ ಬಂದಳು. ಶೂ ಬಿಚ್ಚದೆ ಬಾಗಿಲ ಬಳಿ ಗೋಡೆಗೊರಗಿ ಕೂತಳು. ನಾನು ತಮಾಷೆಗೆ, "ಏನೇ, ಮೀಸೆ ಓಡಿಸಿಬಿಟ್ನಾ?" ಅಂದೆ.

"ಹೂಂ," ಅಂದಳು.

ಆಮೇಲೆ ಚೂರು ಚೂರಾಗಿ ಹೇಳಿದಳು. ಬಸ್ ನಿಲ್ದಾಣದಲ್ಲಿ ಒಬ್ಬ ಗಂಡಸು ಕುಸಿದುಬಿದ್ದಿದ್ದ. ಮೀಸೆ ಗಾಡಿಯ ಹಿಂದೆ ಸಾಮಾನು ಇಳಿಸುತ್ತಿದ್ದ. ಕಡ್ಡಿ ಮೊದಲು ಓಡಿದಳು. ಮಂಡಿಯೂರಿದಳು. ಕುತ್ತಿಗೆಯ ಮೇಲೆ ಬೆರಳಿಟ್ಟು, ಎಲ್ಲರಿಗೂ ಕೇಳುವ ಹಾಗೆ, ನಾಡಿ ನೋಡುತ್ತಿದ್ದೇನೆ ಅಂದಳು. ಅಂದು, ತಲೆಯೆತ್ತಿ ಕಾದಳು.

"ಯಾರಿಗೆ ಕಾದೆ?" ಅಂದೆ.

"ಯಾರಾದ್ರೂ ಹೇಳ್ತಾರೆ ಅಂತ ಅಜ್ಜಿ."

ನನಗೆ ನಗು ಬರಲಿಲ್ಲ.

"ಮೀಸೆ ಬಂದು, ಏನಿದೆ ಅಂತ ಕಿರುಚಿದ್ರು. ನಾನು, ನಾಡಿ ಎಷ್ಟು ಹೇಳಿ ಸರ್ ಅಂದೆ. ಅವ್ರು ನನ್ನ ಪಕ್ಕಕ್ಕೆ ತಳ್ಳಿ ಎದೆ ಒತ್ತೋಕ್ ಶುರು ಮಾಡಿದ್ರು. ನಾಡಿನೇ ಇರ್ಲಿಲ್ಲ ಅಜ್ಜಿ. ನಾನು ಸುಮ್ನೆ ಕೂತಿದ್ದೆ, ಅವನ ಕುತ್ತಿಗೆ ಹಿಡ್ಕೊಂಡು."

"ಆ ಮನುಷ್ಯ?"

"ಆಸ್ಪತ್ರೇಲಿದಾನೆ. ಕಣ್ಣು ಬಿಟ್ಟಿಲ್ಲ."

ಮೀಸೆ ಅವಳನ್ನು ಕಳಿಸುವಾಗ ಹೇಳಿದ್ದು ಇಷ್ಟು: ಕೈಗೆ ಸಿಕ್ಕಿದ್ದನ್ನು ಹೇಳುವ ಧೈರ್ಯ ಇದ್ದರೆ ನಾಳೆ ಗಾಡಿ ಹತ್ತು, ಇಲ್ಲದಿದ್ದರೆ ಬರಬೇಡ, ಕಾಲೇಜಿಗೆ ನಾನೇ ಹೇಳುತ್ತೇನೆ.

ಸಂಜೆ ಹೊಲಿಗೆ ಅಂಗಡಿಯಿಂದ ಬಂದ ನನ್ನ ಮಗಳು, ಅಂದರೆ ಕಡ್ಡಿಯ ತಾಯಿ, ಚಪ್ಪಲಿ ಬಿಡುತ್ತಲೇ ವಿಷಯ ಕೇಳಿ, "ಬಿಟ್ಬಿಡು. ಅಂಗಡಿಗೆ ಬಾ, ಗುಂಡಿ ಹೊಲಿ. ಗುಂಡಿ ತಪ್ಪಾದ್ರೆ ಯಾರೂ ಸಾಯಲ್ಲ," ಅಂದಳು. ಕಡ್ಡಿ ಆಗಲಿ ಅನ್ನುವ ಹಾಗೆ ತಲೆಯಾಡಿಸಿದಳು. ಚಿಕ್ಕವಳಿದ್ದಾಗಿಂದ ಅಮ್ಮನ ಒಂದು ಮಾತಿಗೂ ಆಗಲಿ ಅಂದವಳಲ್ಲ ಅವಳು.

ಇವತ್ತು ಬೆಳಗ್ಗೆ ಮಗಳು ಕೆಲಸಕ್ಕೆ ಹೋದಳು. ಕಡ್ಡಿ ಸಮವಸ್ತ್ರ ಹಾಕಿಕೊಂಡಿದ್ದಳು, ಆದರೆ ಹೊರಡಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತು ಬೆರಳು ನೋಡಿಕೊಳ್ಳುತ್ತಿದ್ದಳು. ನಾನು ಚಾಪೆ ಹಾಸಿದೆ, ಮಲಗಿದೆ.

"ಬಾ. ನೋಡು."

"ಬೇಡ ಅಜ್ಜಿ."

"ಬಾರೇ. ಇವತ್ತು ನಾನು ಬಾಯಿ ಬಿಡಲ್ಲ. ನೀನೇ ಕಂಡುಹಿಡಿ."

"ನೀನು? ಬಾಯಿ ಬಿಡಲ್ವಾ?" ಅಂದಳು. ಬಾಡಿದ್ದ ಮುಖದಲ್ಲಿ ಒಂದು ಚೂರು ನಗು. "ನಿನ್ನ ಬಾಯಿ ಮುಚ್ಚಿದ್ರೆ ಬೀದಿಯವರೆಲ್ಲ ಗಾಬರಿಯಾಗ್ತಾರೆ."

ನಾನು ತುಟಿಗೆ ಬೀಗ ಹಾಕಿದೆ. ಅವಳು ಪಕ್ಕದಲ್ಲಿ ಕೂತು ಮಣಿಕಟ್ಟು ಹಿಡಿದಳು. ಮೊದಲು ಅಭ್ಯಾಸಬಲದಿಂದ ನನ್ನ ಮುಖ ನೋಡಿದಳು. ನಾನು ಮೇಲಿನ ಫ್ಯಾನು ನೋಡಿದೆ. ಆಮೇಲೆ ಅವಳು ಕಣ್ಣು ಮುಚ್ಚಿಕೊಂಡಳು. ಅವಳ ಬೆರಳು ಒಂದಿಷ್ಟು ಜರುಗಿತು, ಒತ್ತಿತು, ನಿಂತಿತು. ಹುಬ್ಬು ಗಂಟಾಯಿತು. ಕಣ್ಣು ತೆರೆದು ಗಡಿಯಾರ ನೋಡುತ್ತ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಮಣಿಕಟ್ಟು ಬಿಟ್ಟು ಕುತ್ತಿಗೆಗೆ ಬಂದಳು.

"ಅಜ್ಜಿ, ಅಲ್ಲಾಡ್ಬೇಡ."

ನಾನು ಅಲ್ಲಾಡಿರಲಿಲ್ಲ.

"ಇದು ಒಂದೇ ಸಮ ಇಲ್ಲ. ಓಡುತ್ತೆ, ತಪ್ಪುತ್ತೆ, ಮತ್ತೆ ಓಡುತ್ತೆ. ಯಾವಾಗಿಂದ ಹೀಗೆ?"

ಸೊಳ್ಳೆ ಕಚ್ಚಿದರೆ ಮೂರು ಬೀದಿಗೆ ಸಾರುವವಳು ನಾನು. ಆದರೆ ಕೆಲವು ವಾರಗಳಿಂದ ಮೆಟ್ಟಿಲು ಹತ್ತುವಾಗ ಎದೆಯೊಳಗೆ ಹಕ್ಕಿ ಸಿಕ್ಕಿಕೊಂಡ ಹಾಗೆ ಪಟಪಟ ಅನ್ನುತ್ತಿತ್ತು. ಕಣ್ಣಿಗೆ ಕತ್ತಲೆ ಬಂದಾಗ ಕಂಬಿ ಹಿಡಿದು ನಿಲ್ಲುತ್ತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಇವಳಿಗೆ ಧೈರ್ಯ ಬರಲಿ ಅಂತ ಮಲಗಿದ ನನಗೆ ಆ ಹಕ್ಕಿಯ ನೆನಪೇ ಬಂದಿರಲಿಲ್ಲ.

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಒಂದು ಕೈ ನನ್ನ ಮಣಿಕಟ್ಟಿನ ಮೇಲಿಟ್ಟೇ ಫೋನು ಹಚ್ಚಿದಳು.

"ಸರ್, ನಮ್ಮಜ್ಜಿಗೆ ನಾಡಿ ಏರುಪೇರಾಗಿದೆ."

ಮೀಸೆಯ ದನಿ ನನಗೂ ಕೇಳಿಸಿತು. "ಎಷ್ಟಿದೆ?"

"ನೂರನಲವತ್ತರ ಮೇಲೆ. ಮಧ್ಯೆ ಮಧ್ಯೆ ತಪ್ಪುತ್ತೆ. ಎರಡು ಸಲ ಎಣಿಸ್ದೆ."

"ಗ್ಯಾರಂಟಿನಾ?"

ನನ್ನ ಕಡೆ ನೋಡುತ್ತಾಳೆ ಅಂದುಕೊಂಡೆ. ನೋಡಲಿಲ್ಲ. "ಗ್ಯಾರಂಟಿ ಸರ್. ನನ್ನ ಕೈಲಿದೆ."

"ಹಾಗೇ ಮಲಗ್ಸಿರು. ಬರ್ತಿದೀವಿ. ನೀನೂ ಗಾಡಿ ಹತ್ತು."

ಗಾಡಿಯೊಳಗೆ ಔಷಧಿಯ ವಾಸನೆ. ಮೀಸೆ ನನ್ನ ಎದೆಗೆ ತಂತಿ ಅಂಟಿಸಿ, ಪರದೆ ನೋಡಿ, ಸರಿ ಅನ್ನುವ ಹಾಗೆ ಕಡ್ಡಿಯ ಕಡೆ ತಲೆಯಾಡಿಸಿದ. ಹತ್ತಿರದಿಂದ ನೋಡಿದರೆ ಅವನ ಮೀಸೆ ಅಷ್ಟೇನೂ ದೊಡ್ಡದಲ್ಲ. ಅದನ್ನು ಕಡ್ಡಿಗೆ ಹೇಳಬೇಕು ಅನ್ನಿಸಿತು. ತಿರುವಿನಲ್ಲಿ ಎದೆಯ ಹಕ್ಕಿ ಜೋರಾಗಿ ಬಡಿದುಕೊಂಡಿತು. ಕಡ್ಡಿಯ ಬೆರಳು ಇನ್ನಷ್ಟು ಬಿಗಿಯಾಯಿತು.

"ಲೇ ಕಡ್ಡಿ..." ಅಂದೆ.

"ಮಾತಾಡ್ಬೇಡ ಅಜ್ಜಿ. ಎಣಿಸ್ತಿದೀನಿ."

ಎಷ್ಟಾಯಿತು ಅಂತ ಕೇಳಬೇಕೆನ್ನಿಸಿತು. ಅವಳ ತುಟಿಗಳು ಅಲುಗುತ್ತಲೇ ಇದ್ದವು. ನಾನು ಕೇಳಲಿಲ್ಲ.