ಅರ್ಧ ಲೋಟ ನೀರು

ಮೂಳೆ ವಾರ್ಡಿನ ಹಿರಿಯ ನರ್ಸಿಗೆ ಓದುವ ಚಟ. ಆಪರೇಷನ್‌ಗೆ ಮುಂಚೆ ರೋಗಿಯ ಗಂಟಲು ಒಣಗಿಸಬೇಕಿಲ್ಲ, ಎರಡು ಗಂಟೆ ಮುಂಚಿನವರೆಗೂ ಬರೀ ನೀರು ಕೊಡಬಹುದು ಎನ್ನುವ ಅಧ್ಯಯನಗಳನ್ನು ಒಟ್ಟುಹಾಕಿ, ವರ್ಷವಿಡೀ ಬೆನ್ನು ಹತ್ತಿ, ಆಸ್ಪತ್ರೆಯ ಸಭೆಯ ಮುಂದಿಟ್ಟಿದ್ದಳು. ಯಾರೂ ಎದುರಾಡಲಿಲ್ಲ. ಅರಿವಳಿಕೆ ಡಾಕ್ಟರೇ ಮೊದಲು ಸಹಿ ಹಾಕಿದರು. ಹೊಸ ನಿಯಮ ಲ್ಯಾಮಿನೇಟ್ ಆಗಿ ಗೋಡೆಗೇರಿತು. ಆದರೆ ಆಪರೇಷನ್ನಿನ ಹಿಂದಿನ ರಾತ್ರಿ ಊಟವಾದ ಕೂಡಲೇ ಮಂಚದ ಪಕ್ಕದ ನೀರಿನ ಜಗ್ಗು ಎತ್ತಿಡುವುದು ಮಾತ್ರ ನಿಲ್ಲಲಿಲ್ಲ.

ಸೊಂಟ ಮುರಿದುಕೊಂಡಿದ್ದ ಎಂಬತ್ತರ ಅಜ್ಜಿಯನ್ನು ಬೆಳಿಗ್ಗೆ ಎಂಟಕ್ಕೆ ಥಿಯೇಟರಿಗೆ ಒಯ್ಯಬೇಕಿತ್ತು. ಎಂಟು ಹೋಗಿ ಹನ್ನೊಂದಾಯಿತು. ಆಮೇಲೆ, ಮೂರಕ್ಕೆ ಕಳಿಸಿ ಎಂದು ಫೋನ್ ಬಂತು. ಅಷ್ಟರಲ್ಲಿ ಅಜ್ಜಿಯ ನಾಲಿಗೆ ಅಂಗುಳಿಗೆ ಅಂಟಿ ಮಾತೇ ಹೊರಡುತ್ತಿರಲಿಲ್ಲ.

“ಸಿಸ್ಟರ್, ಅಮ್ಮನಿಗೆ ಒಂದು ಗುಟುಕಾದ್ರೂ ಕೊಡಿ. ನೋಡಕ್ಕಾಗ್ತಿಲ್ಲ,” ಎಂದು ಮಗಳು ಕೈ ಹಿಡಿದುಕೊಂಡಳು.

ನರ್ಸ್ ಗಡಿಯಾರ ನೋಡಿದಳು. ಹನ್ನೊಂದೂಕಾಲು. ಅಜ್ಜಿಯ ತಲೆ ಎತ್ತಿ ಹಿಡಿದು ಅರ್ಧ ಲೋಟ ನೀರು ಕುಡಿಸಿದಳು. ಸಮಯ ಸಮೇತ ಕೇಸ್ ಶೀಟಿನಲ್ಲಿ ಬರೆದಳು. ಮುಚ್ಚಿಡುವಂಥದ್ದೇನೂ ಇರಲಿಲ್ಲ.

ಮೂರಕ್ಕೆ ಅರಿವಳಿಕೆ ಡಾಕ್ಟರು ಆ ಸಾಲು ಓದಿ ಕೆಂಡಾಮಂಡಲವಾದರು.

“ಯಾರನ್ನ ಕೇಳಿ ಕೊಟ್ರಿ?”

“ನಿಯಮದಲ್ಲೇ ಇದೆ ಸಾರ್. ನೀವೇ ಸಹಿ ಹಾಕಿದ್ದೀರಿ. ಕೊಟ್ಟು ನಾಲ್ಕು ಗಂಟೆ ಆಗ್ತಾ ಬಂತು.”

“ಅದು ತಪಾಸಣೆಗೆ ಬರೋರ ಕಣ್ಣಿಗೆ ಬೀಳ್ಲಿ ಅಂತ ಹಾಕಿರೋದು! ಇಪ್ಪತ್ತೆಂಟು ವರ್ಷ ಆಯ್ತು ನಾನು ಈ ಕೆಲಸಕ್ಕೆ ಬಂದು. ನೀವು ಓದಿ ಹೇಳಿದ್ದನ್ನ ನಾನು ಕಲೀಬೇಕಾ? ಇವತ್ತು ಈ ಕೇಸ್ ಇಲ್ಲ. ವಾಪಸ್ ಕರ್ಕೊಂಡು ಹೋಗಿ.”

ಮತ್ತೆ ಸರದಿ ಸಿಕ್ಕಿದ್ದು ಐದು ದಿನ ಬಿಟ್ಟು. ಅಲ್ಲಾಡದೆ ಮಲಗಿದ್ದ ಅಜ್ಜಿಗೆ ಮೂರನೆಯ ದಿನ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. ನಾಲ್ಕನೆಯ ದಿನ ಬೆಳಿಗ್ಗೆ ಉಸಿರು ನಿಂತಿತು.

ಅನುಮತಿಯಿಲ್ಲದೆ ನೀರು ಕುಡಿಸಿದ್ದೇ ತಡಕ್ಕೆ ಕಾರಣ ಎಂದು ದೂರು ತಯಾರಾಯಿತು. ಕೆಳಗೆ ಮಗಳ ಸಹಿಯಿತ್ತು. ನರ್ಸ್ ತನ್ನ ಉತ್ತರಕ್ಕೆ ಲಗತ್ತಿಸಿದ ನಿಯಮದ ಪ್ರತಿ, ‘ವಿಷಯಕ್ಕೆ ಸಂಬಂಧವಿಲ್ಲ’ ಎಂಬ ಷರಾದೊಂದಿಗೆ ಹಿಂದಿರುಗಿತು. ಅವಳನ್ನು ವಾರ್ಡಿನಿಂದ ತೆಗೆದು ಹಾಸಿಗೆ ಬಟ್ಟೆಗಳ ಕೋಣೆಗೆ ಹಾಕಿದರು.

ತಿಂಗಳಾದ ಮೇಲೆ ಮಗಳು ಮರಣ ಪತ್ರಕ್ಕೆಂದು ಬಂದವಳು ಮೆಟ್ಟಿಲ ಬಳಿ ಎದುರಾದಳು. ಸಹಿ ಹಾಕಿದ್ದಕ್ಕೆ ನಾಲ್ಕು ಮಾತು ಕೇಳಿಯೇಬಿಡಬೇಕೆಂದು ನರ್ಸ್ ಅಂದುಕೊಂಡಿದ್ದಳು. ಅವಳ ಮುಖ ನೋಡಿದ ಮೇಲೆ ಅದನ್ನು ಬಿಟ್ಟು, ಪಕ್ಕಕ್ಕೆ ಸರಿದು ದಾರಿ ಕೊಟ್ಟಳು.

“ತಪ್ಪು ನಿಮ್ಮದಲ್ಲ ಸಿಸ್ಟರ್,” ಎಂದಳು ಮಗಳು. “ನೀರು ಕೇಳಿದ್ದು ನಾನು. ಕೇಳ್ದೇ ಇದ್ದಿದ್ರೆ ಅಮ್ಮ ಇವತ್ತು ಇರ್ತಿದ್ಲು.”

“ಇಲ್ಲಮ್ಮಾ, ನೀರಿನಿಂದ ಏನೂ ಆಗ್ಲಿಲ್ಲ. ಅಷ್ಟು ದಿನ ಸುಮ್ನೆ ಮಲಗಿಸಿಟ್ರಲ್ಲ, ಅದರಿಂದ ಆಗಿದ್ದು.”

“ಅಷ್ಟು ದೊಡ್ಡ ಡಾಕ್ಟ್ರು ನನ್ನ ಕೂರಿಸಿ ಬಿಡಿಸಿ ಹೇಳಿದ್ರು. ಸುಳ್ಳು ಹೇಳ್ತಾರಾ?”

ನರ್ಸ್ ಮತ್ತೊಮ್ಮೆ ಹೇಳಿದಳು. ಸಾವಿರಾರು ಜನರಿಗೆ ಕೊಟ್ಟು ನೋಡಿದ್ದಾರೆ ಎಂದಳು. ಮಗಳು ಇಲ್ಲವೆಂದು ತಲೆಯಾಡಿಸುತ್ತಲೇ, ಪತ್ರವನ್ನು ಎದೆಗವಚಿಕೊಂಡು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದಳು.