ಗಡುವು ಮೀರಿ ಇಪ್ಪತ್ತಮೂರು ದಿನ

ನನ್ನ ತಮ್ಮ ಸಾದ್ ತೀರಿಕೊಂಡು ಐದು ತಿಂಗಳಾಯಿತು. ಅಲ್ ಮುರಕ್ಕಬಾತಿನ ನನ್ನ ಅತ್ತರಿನ ಅಂಗಡಿಗೆ ಬಂದ ಗಿರಾಕಿ ಯಾರಾದರೂ ಬಲಗಿವಿ ಮುಂದೆ ಮಾಡಿ ಮಾತು ಕೇಳಿಸಿಕೊಂಡರೆ ಸಾಕು, ಶೀಶೆಯನ್ನು ಅಲ್ಲೇ ಬಿಟ್ಟು ಒಳಗೆ ಹೋಗಿಬಿಡುತ್ತೇನೆ. ಹೆದರುವ ಜಾಯಮಾನದವನಲ್ಲ ನಾನು. ಭಟ್ಕಳದಿಂದ ಈ ಕೊಲ್ಲಿ ದೇಶಕ್ಕೆ ಬಂದು ಮೂವತ್ತು ವರ್ಷ ವ್ಯಾಪಾರ ಮಾಡಿದವನು. ಮನೆಯಲ್ಲಿ ಈ ಅಬ್ದುಲ್ ಅಲೀಮನದೇ ಕೊನೆಯ ಮಾತು.

ಸಾದ್ ಇದೇ ದೇಶದ ಮುಸಫ್ಫಾದಲ್ಲಿ ಲಾರಿ ಓಡಿಸುತ್ತಿದ್ದಾಗ ಅಪಘಾತವಾಗಿ ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದ. ಅಲ್ಲಿ ಅವನ ಎಡಗಿವಿಯಲ್ಲಿ ಕೀವು ತುಂಬಿತು. ಎಷ್ಟು ಅಂಗಲಾಚಿದರೂ ವೈದ್ಯರನ್ನು ಕರೆಸಲಿಲ್ಲವಂತೆ. ಹೊರಬರುವಾಗ ಆ ಕಿವಿ ಪೂರ್ತಿ ಹೋಗಿತ್ತು. ತಾನು ಹೇಳುವುದು ನಿಜವೆಂದು ಒಬ್ಬ ನ್ಯಾಯಾಧೀಶ ಬರೆದರೆ ಸಾಕು, ಬೇರೇನೂ ಬೇಡ ಎನ್ನುತ್ತಿದ್ದ. ಜೈಲಿನವರ ಮೇಲೆ ದಾವೆ ಹೂಡಲು ಹೊರಬಂದ ದಿನದಿಂದ ಮೂರು ವರ್ಷದ ಗಡುವಿತ್ತು. ಆದರೆ ಹೇಳಿಕೆ ಬರೆಯಲು ಕೂತರೆ ಎರಡು ಸಾಲಿಗೇ ಎದ್ದುಬಿಡುತ್ತಿದ್ದ. ಅಂತೂ ಬರೆದು ಮುಗಿಸಿದ ವಾರದಲ್ಲೇ ಎದೆನೋವು ಬಂದು ಹೊರಟುಹೋದ. ಆಗ ಗಡುವಿಗೆ ಮೂರೂವರೆ ತಿಂಗಳು ಉಳಿದಿತ್ತು.

ಸಾದ್ ಹಿಡಿದಿದ್ದ ವಕೀಲರ ಕಚೇರಿಯ ಗುಮಾಸ್ತ ರಮೀಝ್ ಮೂರು ಸಲ ಮನೆ ಬಾಗಿಲಿಗೆ ಬಂದ.

"ಕೇಸು ಹಾಕ್ಲಿಕ್ಕೆ ಇನ್ನು ಸಾದ್ ಅವರ ಹೆಂಡತಿಯದ್ದು ಒಂದು ಸೈನ್ ಬೇಕಿತ್ತು ಮಾರಾಯ್ರೆ. ಬೇಕಾದ್ರೆ ಹೆಂಗಸರನ್ನೇ ಕಳಿಸ್ತೇನೆ."

"ಉಝ್ಮಾ ಇದ್ದತ್‌ನಲ್ಲಿದ್ದಾಳೆ. ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಅವಳ ಹತ್ರ ಕಾಗದ ಗೀಗದ ತರ್ಬೇಡ. ಖಲಾಸ್."

"ಡೇಟ್ ಹೋಗ್ತದೆ."

"ಇದು ಮುಸಲ್ಮಾನರ ದೇಶ. ಇಲ್ಲಿನ ಕೋರ್ಟಿಗೆ ಇದ್ದತ್ ಗೊತ್ತಿಲ್ವಾ? ಆ ದಿನ ಬಿಟ್ಟೇ ಲೆಕ್ಕ ಹಾಕ್ತಾರೆ, ಹೋಗು."

ಯಾರನ್ನೂ ಕೇಳದೆ ಹೇಳಿದ ಮಾತದು. ಅವನು ಬಂದದ್ದನ್ನು ಉಝ್ಮಾಳಿಗೂ ತಿಳಿಸಲಿಲ್ಲ. ಮನೆತನದ ಮರ್ಯಾದೆ ಕಾಯುತ್ತಿದ್ದೇನೆಂಬ ಗತ್ತು ನನಗೆ.

ಇದ್ದತ್ ಮುಗಿದ ಮರುದಿನವೇ ಅವಳನ್ನು ವಕೀಲರ ಕಚೇರಿಗೆ ಕರೆದೊಯ್ದೆ. ರಮೀಝ್ ನನ್ನ ಮುಖ ನೋಡಲಿಲ್ಲ.

"ಡೇಟ್ ಹೋಗಿ ಇಪ್ಪತ್ತಮೂರು ದಿನ ಆಯ್ತಲ್ಲ ಅಕ್ಕ. ಮೂರು ಸಲ ಬಂದಿದ್ದೆ ನಾನು. ಇದ್ದತ್‌ಗೆಲ್ಲ ಕೋರ್ಟಿನವ್ರು ರಿಯಾಯಿತಿ ಕೊಡುದಿಲ್ಲ."

ಉಝ್ಮಾ ನನ್ನ ಕಡೆ ತಿರುಗಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಸಾದ್ ಬರೆದ ಹಾಳೆಗಳನ್ನು ಕೇಳಿ ಪಡೆದು ನನ್ನ ಮುಂದಿಟ್ಟಳು.

"ಭಾವ, ಇನ್ನು ಯಾವ ಜಡ್ಜೂ ಇದನ್ನ ಓದುದಿಲ್ಲ. ನೀವಾದ್ರೂ ಓದಿ. ಗಟ್ಟಿಯಾಗಿ."

ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರೆದಿದ್ದ. ಜೈಲಿನಲ್ಲಿ ಏನಾಯಿತೆಂದು ನಾನು ಅವನನ್ನು ಒಮ್ಮೆಯೂ ಕೇಳಿರಲಿಲ್ಲ. ಮೂರು ಪುಟ ಹೇಗೋ ಓದಿದೆ. ನಾಲ್ಕನೆಯದರಲ್ಲಿ ಹೀಗಿತ್ತು: "ಹೊರಗಿನಿಂದ ಯಾರಾದರೂ ದೂರು ಕೊಟ್ಟರೆ ವೈದ್ಯರು ಬರುತ್ತಾರೆ ಎಂದು ಜೊತೆಯವರು ಹೇಳಿದರು. ಫೋನಿನ ಸರದಿ ಬಂದಾಗ ಅಣ್ಣನಿಗೆ ಕರೆ ಮಾಡಿದೆ. ಅಂಗಡಿಯಲ್ಲಿ ಜನ ಇದ್ದಾರೆ, ಆಮೇಲೆ ಮಾಡು ಎಂದ. ಮತ್ತೆ ನನ್ನ ಸರದಿ ಬರುವಷ್ಟರಲ್ಲಿ ಕಿವಿ ಕೇಳಿಸುತ್ತಿರಲಿಲ್ಲ."

ಆ ಕರೆ ನನಗೆ ನೆನಪೇ ಇಲ್ಲ. ಅಂದಿನಿಂದ ಎಷ್ಟು ತಡಕಾಡಿದರೂ ಇಲ್ಲ. ಯಾವ ದಿನ, ಅಂಗಡಿಯಲ್ಲಿ ಯಾರಿದ್ದರು, ಅವನ ದನಿ ಹೇಗಿತ್ತು, ಒಂದೂ ಇಲ್ಲ.

"ಯಾಕೆ ನಿಲ್ಲಿಸಿದ್ರಿ?" ಎಂದಳು ಉಝ್ಮಾ. "ಇನ್ನೂ ಆರು ಪುಟ ಇದೆ."